ಸನ್ನಿಸೈಡಿನ ಮನೆಯಲ್ಲಿ ಒಂದು ಹಗಲು

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟು, ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳನ್ನು ಹಿಂದಿಕ್ಕಿ, ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದ ಕೂಡಲೆ ದಾರಿಯ ಸ್ವಭಾವವೇ ಬೇರೆಯಾಗುತ್ತದೆ. ಅದುವರೆಗೆ ದಿಗಂತದವರೆಗೂ ಹರಿದ ದೃಷ್ಟಿ ಆನೆಕಾಡಿನ ಮರಗಳ ನಡುವೆ ಸಂಕುಚಿತವಾಗಿ, ಸುಂಟಿಕೊಪ್ಪದ ಏರಿನಲ್ಲಿ ತಿರುವಿನಿಂದ ತಿರುವಿಗೆ ಮಾತ್ರ ಸಂಚರಿಸತೊಡಗುತ್ತದೆ. ಇಕ್ಕೆಲಗಳಲ್ಲಿಯೂ ಕಾಫಿಯ ಗಿಡಗಳು, ಅವುಗಳ ಮೇಲೆ ನೆರಳು ಹಿಡಿದ ಮಹಾವೃಕ್ಷಗಳು, ಆ ವೃಕ್ಷಗಳನ್ನು ತಬ್ಬಿ ಮೇಲೇರಿದ ಮೆಣಸಿನ ಬಳ್ಳಿಗಳು. ನಾನು ಹೋದದ್ದು ಸೆಪ್ಟೆಂಬರ್ ತಿಂಗಳ ಆದಿಯಲ್ಲಿ. ಮಳೆ ಪೂರ್ತಿ ನಿಂತಿರಲಿಲ್ಲವಾದರೂ ಅದರ ಆರ್ಭಟ ಇಳಿದಿತ್ತು. ಗದ್ದೆಗಳಲ್ಲಿ ನಾಟಿಯ ಕೆಲಸ ಮುಗಿದು, ಕೊಡವರು ತಮ್ಮ ಆಯುಧಗಳನ್ನು ಪೂಜೆಗಿಡುವ ಕೈಲ್‌ಪೊಳ್ದ್ ಹಬ್ಬದ ಸಂಭ್ರಮ ಮನೆಮನೆಗಳಲ್ಲಿ ಇನ್ನೂ ಉಳಿದಿತ್ತು.

ಮಡಿಕೇರಿಗೆ ಬಂದವರು ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನು ನೋಡುತ್ತಾರೆ, ಕೋಟೆಯನ್ನು ಸುತ್ತುತ್ತಾರೆ, ಓಂಕಾರೇಶ್ವರನ ದರ್ಶನ ಮಾಡುತ್ತಾರೆ. ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಒಂದು ಮನೆ. ಜನರಲ್ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು ಬಾಲ್ಯವನ್ನು ಕಳೆದ ‘ಸನ್ನಿಸೈಡ್’ ಎಂಬ ಆ ಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿದ್ದು, ಊರಿನವರ ಮತ್ತು ನಿವೃತ್ತ ಸೈನಿಕರ ದೀರ್ಘ ಪ್ರಯತ್ನದ ಫಲವಾಗಿ ವಸ್ತುಸಂಗ್ರಹಾಲಯವಾಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ತಿಮ್ಮಯ್ಯನವರದೇ ಹೆಸರನ್ನಿಟ್ಟಿದ್ದಾರೆ. ಆ ರಸ್ತೆಯಲ್ಲಿ ನಡೆದಾಡುವಾಗಲೆಲ್ಲ, ಹಲಗೆಯ ಮೇಲಿನ ಈ ಹೆಸರಿನ ಹಿಂದೆ ಇದ್ದ ಮನುಷ್ಯನನ್ನು ಅವರ ಮನೆಯಲ್ಲಿಯೇ ಕಾಣಬೇಕೆಂಬ ಆಸೆ ನನ್ನಲ್ಲಿ ಬೆಳೆಯುತ್ತ ಬಂದಿತ್ತು. ಯೋಧರನ್ನು ನಾವು ಸಾಮಾನ್ಯವಾಗಿ ರಣರಂಗದಲ್ಲಿ ನಿಲ್ಲಿಸಿ ನೋಡುತ್ತೇವೆ. ತಿಮ್ಮಯ್ಯನವರ ವಿಷಯದಲ್ಲಿ ಹಾಗೆ ನೋಡಿದವರಿಗೆ ಅರ್ಧ ಮನುಷ್ಯನು ಮಾತ್ರ ದೊರೆಯುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ನನ್ನೊಡನೆ ಬಂದವರು ನನ್ನ ಸ್ನೇಹಿತರ ತಂದೆ, ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಎಂಬತ್ತರ ಅಂಚಿನಲ್ಲಿಯೂ ಬೆನ್ನು ಬಾಗದ ಹಿರಿಯರು. ಹಿಂದಿನ ರಾತ್ರಿ ಅವರ ಮನೆಯಲ್ಲಿ ಕಡಂಬುಟ್ಟು ಎಂಬ ಅಕ್ಕಿಯ ಕಡುಬಿನ ಊಟ ಬಡಿಸಿ, ನೆಲ್ಲಕ್ಕಿ ಎಂಬ ನಡುಮನೆಯ ದೀಪದ ಮುಂದೆ ಇನ್ನೂ ಹೂವಿನೊಡನೆ ಇದ್ದ ಕೋವಿಯನ್ನು ತೋರಿಸಿದ್ದರು. ಕೋವಿಯ ನಳಿಗೆಯಲ್ಲಿ ಕೆಂಪು ಹಳದಿ ಮಿಶ್ರಿತವಾದ ತೋಕ್‌ಪೂ ಎಂಬ ಹೂವನ್ನು ಮುಡಿಸಿತ್ತು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಕೊಡವರ ಪೂರ್ವಪದ್ಧತಿ. ಆಯುಧವು ಶತ್ರುವಿಗೆ ಎಷ್ಟು ಸೇರಿದ್ದೋ ಅಷ್ಟೇ ಮನೆಯ ಸುಖದುಃಖಗಳಿಗೂ ಸೇರಿದ್ದು ಎಂಬ ಭಾವನೆ ಈ ನಾಡಿನಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಅವರು ವಿವರಿಸಲೂ ಹೋಗುವುದಿಲ್ಲ. ಒಕ್ಕದ, ಎಂದರೆ ಕುಲದ, ಮೂಲಮನೆಯಾದ ಐನ್‌ಮನೆ, ಆ ಮನೆಯ ಮೂಲಪುರುಷನಾದ ಕಾರೋಣ, ವರ್ಷಕ್ಕೊಮ್ಮೆ ಅವನಿಗೆ ಎಡೆಯಿಟ್ಟು ಸ್ಮರಿಸುವ ಕಾರಣಂಗ್ ಕೊಡ್ಪ ಇವುಗಳ ನಡುವೆ ಬೆಳೆದವನಿಗೆ ಗತಿಸಿದವರು ಮನೆಯನ್ನು ಬಿಟ್ಟುಹೋದವರಲ್ಲ. ಊಟದ ಹೊತ್ತಿಗೆ ನೆನಪಾಗತಕ್ಕವರು.

ಮರುದಿನ ಬೆಳಗ್ಗೆ ನಾವು ಸನ್ನಿಸೈಡನ್ನು ಹೊಕ್ಕೆವು. ಅಂಗಳದಲ್ಲಿ ಹುತಾತ್ಮರ ಸ್ಮಾರಕ, ಯುದ್ಧದ ಟ್ಯಾಂಕು. ಅವುಗಳ ಹಿಂದೆ ಹೆಂಚಿನ ಮಾಡಿನ ಹಳೆಯ ಬಂಗಲೆ. ಒಳಗೆ ಬಾಲ್ಯದಿಂದ ತೊಡಗಿ ಸೈಪ್ರಸ್ಸಿನವರೆಗಿನ ಅವರ ಜೀವನವನ್ನು ಚಿತ್ರಗಳ ಮೂಲಕ ಕೊಠಡಿಯಿಂದ ಕೊಠಡಿಗೆ ನಿರೂಪಿಸಿದ್ದಾರೆ. ಸುಬೇದಾರರು ಹೊಸ್ತಿಲಲ್ಲಿ ಪಾದರಕ್ಷೆಯನ್ನು ಕಳಚಿದರು. ಅದರ ಅವಶ್ಯಕತೆಯಿಲ್ಲವೆಂದು ಅಲ್ಲಿಯವರು ತಿಳಿಸಿದಾಗ, “ಇರಲಿ, ಇದು ಮನೆಯಲ್ಲವಾ?” ಎಂದಷ್ಟೇ ಹೇಳಿ ಬರಿಗಾಲಿನಲ್ಲಿ ಒಳಗೆ ನಡೆದರು.

1906ರ ಮಾರ್ಚ್ ತಿಂಗಳ ಕೊನೆಯಲ್ಲಿ ಮಡಿಕೇರಿಯಲ್ಲಿ ಜನಿಸಿದ ಬಾಲಕನಿಗೆ ಮನೆಯವರಿಟ್ಟ ಮುದ್ದಿನ ಹೆಸರು ‘ಡುಬ್ಬು’. ತಂದೆ ಕಾಫಿಯ ತೋಟಗಾರರ ಪ್ರತಿಷ್ಠಿತ ವಂಶದವರು. ತಾಯಿ ಸೀತಮ್ಮನವರು ವಿದ್ಯಾವತಿ, ಸಮಾಜಸೇವೆಗಾಗಿ ಅಂದಿನ ಸರ್ಕಾರದಿಂದ ಕೈಸರ್-ಇ-ಹಿಂದ್ ಪದಕವನ್ನು ಪಡೆದವರು. ಮೂವರು ಗಂಡು, ಮೂವರು ಹೆಣ್ಣು ಎಂಬಂತೆ ಆರು ಮಕ್ಕಳ ಸಂಸಾರ. ಕೊಡಗಿನ ಸ್ತ್ರೀಯೊಬ್ಬಳು ಮನೆಯ ಹೊರಗಿನ ದುಃಖಕ್ಕೂ ಹೆಗಲು ಕೊಟ್ಟು ಆ ಕಾಲದಲ್ಲಿ ಪ್ರಸಿದ್ಧಿ ಪಡೆದಳೆಂಬುದನ್ನು ಇತಿಹಾಸಕಾರರು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆಕೆಯ ಮೂವರು ಗಂಡುಮಕ್ಕಳೂ ಸೈನ್ಯವನ್ನು ಸೇರಿ, ಮೂವರೂ ಮೂರು ವಿಧವಾದ ವಿಧಿಯನ್ನು ಹೊತ್ತುಕೊಂಡು ಹೋದದ್ದನ್ನು ತಿಳಿದಮೇಲೆ, ಈ ಮನೆಯ ನಡುಕೋಣೆಯಲ್ಲಿ ನಿಂತವನಿಗೆ ಮೊದಲು ನೆನಪಾಗುವುದು ಆ ತಾಯಿಯೇ.

ಕೂನೂರಿನ ಸೇಂಟ್ ಜೋಸೆಫ್ಸ್, ಬೆಂಗಳೂರಿನ ಬಿಷಪ್ ಕಾಟನ್, ಡೆಹರಾಡೂನಿನ ಸೈನಿಕ ವಿದ್ಯಾಲಯ, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್: ತಿಮ್ಮಯ್ಯನವರ ವಿದ್ಯಾಭ್ಯಾಸದ ದಾರಿ ಇದು. 1926ರಲ್ಲಿ ಅಧಿಕಾರಿಯಾಗಿ ನಿಯುಕ್ತರಾದ ಮೇಲೆ ಅವರು ಸೇರಿದ್ದು ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಡೆಯನ್ನು. ಇಂದಿನ ಕುಮಾವ್ ರೆಜಿಮೆಂಟು ಅದರ ಉತ್ತರಾಧಿಕಾರಿ. ಬಿಳಿಯರ ಸಮವಸ್ತ್ರವನ್ನು ತೊಟ್ಟ ದೇಶೀಯ ತರುಣರ ಅಂತರಂಗದಲ್ಲಿ ಆಗ ಎದ್ದ ಪ್ರಶ್ನೆ ಲಘುವಾದದ್ದಲ್ಲ. ಅಲಹಾಬಾದಿನಲ್ಲಿದ್ದಾಗ ಒಂದು ಸಂಜೆ ಚಿತ್ರಮಂದಿರದಲ್ಲಿ ವೃದ್ಧರೊಬ್ಬರು ಅವರ ಬಳಿಗೆ ಬಂದು, ಬ್ರಿಟಿಷರ ಸಮವಸ್ತ್ರವನ್ನು ಧರಿಸುವುದು ಹೇಗೆನಿಸುತ್ತದೆ ಎಂದು ಕೇಳಿದರಂತೆ. ಸೆಕೆಯಾಗುತ್ತದೆ ಎಂದು ತಿಮ್ಮಯ್ಯನವರು ಒಂದೇ ಮಾತಿನಲ್ಲಿ ಉತ್ತರಿಸಿದರು. ಕೇಳಿದವರು ಮೋತಿಲಾಲ್ ನೆಹರೂ. ಆ ಪರಿಚಯ ಬೆಳೆದು, ಕೆಲಸವನ್ನು ಬಿಟ್ಟುಬಿಡಲೇ ಎಂದು ಈ ತರುಣರು ಮೋತಿಲಾಲರನ್ನು ಕೇಳುವಷ್ಟರ ಸಲಿಗೆಯಾಯಿತು. ಸ್ವತಂತ್ರವಾದ ದೇಶಕ್ಕೆ ನಾಳೆ ಶಿಕ್ಷಿತರಾದ ಸೇನಾಧಿಕಾರಿಗಳು ಬೇಕಾಗುತ್ತಾರೆ, ಬಿಡಬೇಡಿ ಎಂಬ ಅಭಿಪ್ರಾಯ ಹಿರಿಯರಿಂದ ಬಂದಿತು. ತಿಮ್ಮಯ್ಯನವರು ಉಳಿದರು. ಮನಸ್ಸಿನ ಸೆಕೆಯನ್ನು ಸಹಿಸಿಕೊಂಡು ಉಳಿದರು ಎಂದೇ ಹೇಳಬೇಕು.

1935ರ ಜನವರಿಯಲ್ಲಿ ಅವರಿಗೆ ನೀನಾ ಕಾರ್ಯಪ್ಪನವರೊಡನೆ ವಿವಾಹವಾಯಿತು. ನವದಂಪತಿಗಳು ಬಲೂಚಿಸ್ತಾನದ ಕ್ವೆಟ್ಟಾ ಶಿಬಿರದಲ್ಲಿ ಸಂಸಾರ ಹೂಡಿ ಕೆಲವೇ ತಿಂಗಳುಗಳಾಗಿದ್ದವು. ಮೇ 31ರ ನಸುಕಿನಲ್ಲಿ ಭೂಮಿ ಕಂಪಿಸಿ ಆ ನಗರ ನೆಲಸಮವಾಯಿತು, ಸಹಸ್ರ ಸಹಸ್ರ ಜನ ನಿದ್ರೆಯಲ್ಲಿಯೇ ಮಣ್ಣಾದರು. ತಿಮ್ಮಯ್ಯನವರು ತಮ್ಮ ಸೈನಿಕರೊಡನೆ ರಕ್ಷಣೆಯ ಕೆಲಸಕ್ಕೆ ಧುಮುಕಿದರೆ, ಮದುವೆಯ ಅರಿಸಿನ ಆರುವ ಮುನ್ನವೇ ನೀನಾ ಅವರು ಗಾಯಾಳುಗಳ ಶುಶ್ರೂಷೆಗೆ ನಿಂತರು. ಅತ್ತೆಯವರಿಗೆ ದೊರೆತಿದ್ದ ಪದಕವೇ ಈ ಸೇವೆಗಾಗಿ ಸೊಸೆಗೂ ದೊರೆಯಿತು. ಮರುವರ್ಷ ಅವರ ಏಕಮಾತ್ರ ಪುತ್ರಿಯ ಜನನವಾಯಿತು. ದಂಪತಿಗಳ ಅನ್ಯೋನ್ಯತೆಯನ್ನು ಪ್ರಶಂಸಿಸುವಾಗ ಜನರು ಸಾಮಾನ್ಯವಾಗಿ ಸುಖದ ದಿನಗಳನ್ನು ಉದಾಹರಿಸುತ್ತಾರೆ. ಈ ದಾಂಪತ್ಯದ ಮೊದಲ ವರ್ಷದ ನೆನಪುಗಳಲ್ಲಿ ಕುಸಿದ ಗೋಡೆಗಳೂ ಅಪರಿಚಿತರ ಆಕ್ರಂದನವೂ ಸೇರಿಹೋಗಿದ್ದವು. ಪತಿಯ ವೃತ್ತಿ ಯಾವುದೆಂಬುದು ನೀನಾ ಅವರಿಗೆ ಆ ಒಂದು ವಾರದಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆ ಯಾವ ವಿಧದಲ್ಲಿಯೂ ತಿಳಿಯುತ್ತಿರಲಿಲ್ಲ.

ಸುಬೇದಾರರು ಬಹಳ ಹೊತ್ತು ನಿಂತದ್ದು ಮನೆಯವರ ಚಿತ್ರಗಳ ಮುಂದೆ. ನಾನೂ ಅಲ್ಲಿಯೇ ನಿಂತೆ. ಏಕೆಂದರೆ ನಾನು ಮಡಿಕೇರಿಗೆ ಬಂದ ಉದ್ದೇಶ ಅಲ್ಲಿತ್ತು.

ಹಿರಿಯ ಸೋದರರಾದ ಪೊನ್ನಪ್ಪನವರೂ ತಿಮ್ಮಯ್ಯನವರಂತೆಯೇ ಬ್ರಿಟಿಷ್ ಭಾರತದ ಸೇನಾಧಿಕಾರಿ. ತಿಮ್ಮಯ್ಯನವರಿದ್ದ ಪಡೆ ಸಿಂಗಾಪುರಕ್ಕೆ ಹೋಯಿತು. ಅವರು ಮಾತ್ರ ವರ್ಗವನ್ನು ಬೇಡಿ ಭಾರತಕ್ಕೆ ಹಿಂದಿರುಗಿದರು. 1942ರ ಫೆಬ್ರವರಿ 15ರಂದು ಸಿಂಗಾಪುರವು ಜಪಾನೀಯರಿಗೆ ಶರಣಾಗತವಾಯಿತು. ಸೆರೆಯಾದವರಲ್ಲಿ ಪೊನ್ನಪ್ಪನವರೂ ಒಬ್ಬರು. ತರುವಾಯ ಅವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯನ್ನು ಸೇರಿದರು. ತಮ್ಮನಾದರೋ ಬರ್ಮದ ಅರಾಕಾನ್ ತೀರದಲ್ಲಿ ಬ್ರಿಟಿಷ್ ಭಾರತದ ಧ್ವಜದ ಕೆಳಗೆ ಕಾದುತ್ತಿದ್ದರು. 1945ರ ಆರಂಭದಲ್ಲಿ ಕಂಗಾವ್ ಎಂಬಲ್ಲಿ ನಡೆದ ಘೋರ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಪಡೆಗಳಿಗೆ ಮೂವರು ಭಾರತೀಯರು, ಎಂದರೆ ತಿಮ್ಮಯ್ಯ, ಥೋರಟ್, ಸೇನ್ ಇವರು, ದಳಪತಿಗಳಾಗಿದ್ದು, ಮೂವರೂ ಡಿ.ಎಸ್.ಒ. ಪದಕವನ್ನು ಗಳಿಸಿದರು. ಭಾರತೀಯನು ಕಾದಾಡಬಲ್ಲನೇ ಹೊರತು ಕಾದಾಡಿಸಲಾರನು ಎಂಬ ಬಿಳಿಯರ ಅಹಂಕಾರಕ್ಕೆ ಅಲ್ಲಿ ಉತ್ತರ ದೊರೆಯಿತು. ಮುಂದೆ ಯುದ್ಧರಂಗದಲ್ಲಿಯೇ ಒಂದು ಬ್ರಿಗೇಡಿನ ನಾಯಕತ್ವವೂ ತಿಮ್ಮಯ್ಯನವರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಂಗಾಪುರದಲ್ಲಿ ಜಪಾನೀಯರು ಶಸ್ತ್ರಗಳನ್ನೊಪ್ಪಿಸಿದಾಗ, ಭಾರತದ ಸೈನ್ಯದ ಪ್ರತಿನಿಧಿಯಾಗಿ ಅಲ್ಲಿದ್ದವರು ಈ ಮನೆಯ ಮಗನೇ: ಅಣ್ಣನು ಸೆರೆಸಿಕ್ಕಿದ ಊರಿನಲ್ಲಿ, ತನ್ನ ಹಳೆಯ ಪಡೆಯವರು ಸೆರೆಸಿಕ್ಕಿದ ಊರಿನಲ್ಲಿ.

ಇಬ್ಬರು ಸೋದರರು, ಒಂದೇ ತಾಯಿಯ ಕೈತುತ್ತು ಉಂಡವರು, ಎರಡು ಧ್ವಜಗಳ ಕೆಳಗೆ ನಿಂತಿದ್ದರು. ಯಾರ ಮಾರ್ಗ ನ್ಯಾಯವಾದದ್ದು ಎಂದು ತೀರ್ಪು ಕೊಡುವ ಉತ್ಸಾಹ ಇಂದು ಅನೇಕರಿಗೆ ಉಂಟು. ನನ್ನ ಮಟ್ಟಿಗೆ ಹೇಳುವುದಾದರೆ, ಇಬ್ಬರೂ ದೇಶವನ್ನೇ ಧ್ಯಾನಿಸುತ್ತಿದ್ದರೆಂಬುದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ. ಒಬ್ಬರು ನಾಳೆಯ ಸೈನ್ಯಕ್ಕಾಗಿ ಇಂದಿನ ಸಮವಸ್ತ್ರವನ್ನು ಸಹಿಸಿದರು, ಇನ್ನೊಬ್ಬರು ನಾಳೆಯವರೆಗೆ ಕಾಯಲಾರದೆ ಅದನ್ನು ತ್ಯಜಿಸಿದರು. “ನಮ್ಮ ಒಕ್ಕದಲ್ಲಿಯೂ ಹೀಗೇ ಆಗಿತ್ತು,” ಎಂದು ಸುಬೇದಾರರು ನಿಧಾನವಾಗಿ ಹೇಳಿದರು. “ಅತ್ತ ಒಬ್ಬರು, ಇತ್ತ ಒಬ್ಬರು. ಇಬ್ಬರೂ ತಿರುಗಿ ಬಂದಮೇಲೆ ನಮ್ಮ ಅಜ್ಜಿ ಏನೂ ಕೇಳಲಿಲ್ಲವಂತೆ ನೋಡಿ. ಒಟ್ಟಿಗೆ ಕೂರಿಸಿ ಬಡಿಸಿದರಂತೆ.”

ದೇಶವು ಸ್ವತಂತ್ರವಾದ ವರ್ಷವೇ ತಿಮ್ಮಯ್ಯನವರ ಪಾಲಿಗೆ ಅತ್ಯಂತ ಕಠಿಣವಾದದ್ದು. ವಿಭಜನೆಯ ರಕ್ತಪಾತವನ್ನು ತಡೆಯಲು ಪಂಜಾಬಿನಲ್ಲಿ ನೇಮಿಸಿದ ಗಡಿಸೈನ್ಯದಲ್ಲಿ ಅವರು ಭಾರತದ ಕಡೆಯ ಸಲಹೆಗಾರರಲ್ಲೊಬ್ಬರಾಗಿದ್ದರು. ಪಾಕಿಸ್ತಾನದ ಕಡೆಯ ಸಲಹೆಗಾರರಲ್ಲೊಬ್ಬರು ಅಯೂಬ್ ಖಾನ್. ಆ ಭಯಾನಕ ದಿನಗಳ ತರುವಾಯ ಕಾಶ್ಮೀರದ ಹೊಣೆ ಬಂದಿತು. 1948ರ ಮೇ 24ರಂದು ವಾಯುದಳದ ಮೆಹರ್ ಸಿಂಗರು, ಅದುವರೆಗೆ ಯಾರೂ ಹಾರಿಸದಿದ್ದ ಮಾರ್ಗದಲ್ಲಿ, ಹಿಮಾಲಯದ ಶಿಖರಗಳ ಮೇಲೆ ಡಕೋಟಾ ವಿಮಾನವನ್ನು ಕೊಂಡೊಯ್ದು ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದ ಲೇಹದಲ್ಲಿ, ಲಡಾಖಿನ ಜನರು ಹೊಸದಾಗಿ ಸಮಮಾಡಿದ್ದ ನೆಲದ ಮೇಲೆ ಇಳಿಸಿದರು. ಅದರೊಳಗೆ ತಿಮ್ಮಯ್ಯನವರೂ ಕುಳಿತಿದ್ದರು. ವಿಮಾನವು ಇಳಿಯುತ್ತದೆಯೋ ಇಲ್ಲವೋ ಎಂಬುದು ನಿಶ್ಚಯವಿಲ್ಲದಾಗ ಸೇನಾಪತಿಯಾದವನು ತಾನೇ ಅದರಲ್ಲಿ ಕುಳಿತುಕೊಳ್ಳುವುದು ಯುದ್ಧಶಾಸ್ತ್ರದ ದೃಷ್ಟಿಯಿಂದ ವಿವೇಕವೆನಿಸಲಾರದು. ಆದರೆ ಮನೆಯ ಯಜಮಾನನಾದವನು ಹೊಳೆಯಲ್ಲಿ ಮೊದಲು ತಾನಿಳಿದು ಆಳ ನೋಡಿ ಆಮೇಲೆ ಮಕ್ಕಳನ್ನು ಕರೆಯುವಂತೆ, ಅವರು ಸೈನಿಕರನ್ನು ನಡೆಸಿದರು.

ಜೋಜಿಲಾದ ಕಥೆಯೂ ಅಂಥದೇ. ಆ ಕಣಿವೆಯನ್ನು ಶತ್ರುಗಳು ಹಿಡಿದಿದ್ದರಿಂದ ಲಡಾಖಿನ ದಾರಿ ಮುಚ್ಚಿಹೋಗಿತ್ತು. ಸೆಪ್ಟೆಂಬರಿನಲ್ಲಿ ಮಾಡಿದ ಆಕ್ರಮಣ ವಿಫಲವಾಗಿತ್ತು. ಹಿಮಪಾತದ ಋತು ಸಮೀಪಿಸುತ್ತಿತ್ತು. ಮೂರೂವರೆ ಸಾವಿರ ಮೀಟರುಗಳ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಬೇಕೆಂಬ ಸಂಕಲ್ಪ ಮಾಡಿದವರು ತಿಮ್ಮಯ್ಯನವರು. ಏಳನೆಯ ಕ್ಯಾವಲ್ರಿಯ ಲಘು ಟ್ಯಾಂಕುಗಳ ಮೇಲ್ಭಾಗವನ್ನು ಬೇರ್ಪಡಿಸಿ, ಶತ್ರುವಿಗೆ ಸುಳಿವು ಸಿಕ್ಕದಂತೆ ಜಮ್ಮುವಿನಿಂದ ಸಾಗಿಸಿದರು. ಹೇಸರಗತ್ತೆ ಮಾತ್ರ ನಡೆಯಬಲ್ಲ ಕಾಲುದಾರಿಯನ್ನು ಟ್ಯಾಂಕು ಹೋಗತಕ್ಕಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬಳಿ ತಮ್ಮ ನೆಲೆಯುಳ್ಳ ಸೈನಿಕರು. ಕನ್ನಡ ನಾಡಿನ ಎರಡು ಮೂಲೆಗಳ ಶ್ರಮ ಹಿಮಾಲಯದ ಆ ಇಕ್ಕಟ್ಟಿನಲ್ಲಿ ಕೂಡಿತೆಂಬುದು ನಮ್ಮವರಲ್ಲಿ ಹಲವರಿಗೆ ತಿಳಿಯದು. 1948ರ ನವೆಂಬರ್ 1ರಂದು, ಹಿಮ ಸುರಿಯುತ್ತಿರುವಾಗ, ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂದಿನ ಟ್ಯಾಂಕಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರಿದ್ದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್ ಎರಡೂ ವಶವಾದವು.

ಅದೇ ಕಾಶ್ಮೀರದ ಕಾರ್ಯಾಚರಣೆಗಳಲ್ಲಿಯೇ ಕಿರಿಯ ಸೋದರ ಸೋಮಯ್ಯನವರು ನೆಲಬಾಂಬಿನ ಸ್ಫೋಟದಲ್ಲಿ ಮೃತರಾದರು. ಅಣ್ಣನು ಪರರಾಜ್ಯದಲ್ಲಿ ಸೆರೆಯಾದ. ತಮ್ಮನು ತಿಮ್ಮಯ್ಯನವರೇ ಸೇನಾನಾಯಕರಾಗಿದ್ದ ರಾಜ್ಯದಲ್ಲಿ ಮಡಿದ. ವಿಜಯಗಳ ಪಟ್ಟಿಯಲ್ಲಿ ಜೋಜಿಲಾವನ್ನು ಓದುವಾಗ ಈ ಎರಡನ್ನೂ ಜೊತೆಯಲ್ಲಿಟ್ಟು ಓದತಕ್ಕದ್ದು. ಮುಂದೆ ಮಡಿದ ಸೈನಿಕರ ಮನೆಗಳಿಗೆ ಅವರು ಕಳುಹಿಸಿದ ಪ್ರತಿಯೊಂದು ಸಂತಾಪದ ಹಿಂದೆಯೂ ಮಡಿಕೇರಿಯ ಈ ಮನೆಗೆ ಬಂದ ವಾರ್ತೆಯ ಅನುಭವವಿದ್ದಿರಲೇಬೇಕು.

1953ರಲ್ಲಿ ಕೊರಿಯಾ ಯುದ್ಧವು ನಿಂತಾಗ, ತಾಯ್ನಾಡಿಗೆ ಹಿಂದಿರುಗಲೊಲ್ಲದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ಒಂದು ಬೇಲಿಯೊಳಗೆ ಉಳಿದಿದ್ದರು. ಅವರ ವಿಲೇವಾರಿಗಾಗಿ ಏರ್ಪಟ್ಟ ಐದು ತಟಸ್ಥರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಸೆರೆಯಾಳುಗಳ ರಕ್ಷಣೆಗೆ ಹೋದ ಭಾರತೀಯ ಸೈನ್ಯದ ನಾಯಕರು ಕಂಗಾವಿನ ಒಡನಾಡಿ ಥೋರಟ್. ಮನೆಗೆ ಹೋಗು ಎಂದು ಬಲಾತ್ಕರಿಸಲೂ ಬಾರದು, ಹೋಗಬೇಡವೆಂದು ಬೆದರಿಸುವವರಿಂದ ಕಾಪಾಡಲೂ ಬೇಕು; ಎರಡು ಪಕ್ಷಗಳೂ ಪ್ರತಿದಿನ ದೂರುತ್ತಿದ್ದವು. ಇಂತಹ ಸ್ಥಿತಿಯಲ್ಲಿ ಯುದ್ಧಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗುತ್ತದೆ. ಮನೆ ಎಂಬುದು ಒಬ್ಬನಿಗೆ ಹಂಬಲವಾಗಿಯೂ ಇನ್ನೊಬ್ಬನಿಗೆ ಭಯವಾಗಿಯೂ ಇರಬಲ್ಲದೆಂಬುದನ್ನು ಎರಡು ಧ್ವಜಗಳ ಕುಟುಂಬದಿಂದ ಬಂದವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೊನೆಗೆ ಎರಡು ಕಡೆಗಳನ್ನೂ ಒಲ್ಲದ 88 ಮಂದಿ ಭಾರತೀಯ ಸೈನ್ಯದ ಸಂಗಡ ನಮ್ಮ ದೇಶಕ್ಕೇ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

1957ರ ಮೇ ತಿಂಗಳಿನಿಂದ ನಾಲ್ಕು ವರ್ಷ ಅವರು ಭೂಸೈನ್ಯದ ಮುಖ್ಯಸ್ಥರಾಗಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಳಿಕ ಒಂದು ದಶಕದೊಳಗೆ ಆ ಪೀಠವನ್ನೇರಿದ ಎರಡನೆಯ ಕೊಡವರು ಇವರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯವಾಗಿ 1959ರ ಆಗಸ್ಟ್ 31ರಂದು ರಾಜೀನಾಮೆಯನ್ನಿತ್ತು, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡ ಪ್ರಸಂಗ ಬಹುಚರ್ಚಿತವಾದದ್ದು, ಅದನ್ನಿಲ್ಲಿ ಬೆಳೆಸುವುದಿಲ್ಲ. ನೆಹರೂ ಮನೆತನದ ಹಿರಿಯರ ಮಾತಿನಿಂದ ಸಮವಸ್ತ್ರವನ್ನು ಬಿಡದೆ ಉಳಿದವರು, ಅವರ ಮಗನ ಮಾತಿನಿಂದ ಮತ್ತೊಮ್ಮೆ ಉಳಿದರು ಎಂಬುದನ್ನು ಮಾತ್ರ ಗಮನಿಸಿ ಮುಂದಕ್ಕೆ ಹೋಗುತ್ತೇನೆ.

1961ರ ಮೇ ತಿಂಗಳಿನಲ್ಲಿ ನಿವೃತ್ತರಾದ ಮೇಲೆ ಅವರು ಕೊಡಗಿಗೆ ಬಂದರು. ಮೂವತ್ತೈದು ವರ್ಷಗಳ ಅಲೆದಾಟದ ತರುವಾಯ ಹೆಂಡತಿಯೊಡನೆ ಸ್ವಂತ ನೆಲದಲ್ಲಿ ನಿಲ್ಲುವ ಅವಕಾಶ ದೊರೆತದ್ದು ಆಗ. ಆ ವಿಶ್ರಾಂತಿ ದೀರ್ಘವಾಗಲಿಲ್ಲ. 1964ರಲ್ಲಿ ಗ್ರೀಕರಿಗೂ ತುರ್ಕರಿಗೂ ವೈಮನಸ್ಯ ಭುಗಿಲೆದ್ದಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಸೇನೆಯ ನಾಯಕತ್ವವನ್ನು ವಹಿಸಲು, ಭಾರತದವರೇ ಆದ ಗ್ಯಾನಿಯವರ ಉತ್ತರಾಧಿಕಾರಿಯಾಗಿ ಅವರಿಗೆ ಕರೆ ಬಂದಿತು. ಹೋದರು. ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಬಾಳಿದ ನೆರೆಹೊರೆಯವರು ಪರಸ್ಪರ ಕೋವಿ ಹಿಡಿದು ನಿಂತದ್ದನ್ನು ಪಂಜಾಬಿನಲ್ಲಿ ಕಂಡವರಿಗೆ ಆ ದ್ವೀಪದ ನೋವು ಹೊಸದಾಗಿರಲಿಲ್ಲ. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ಅಲ್ಲಿಯೇ ತೀರಿಕೊಂಡರು. ಅರುವತ್ತು ತುಂಬಿರಲಿಲ್ಲ. ಪಾರ್ಥಿವಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು. ಸೈಪ್ರಸ್ಸಿನ ಸರ್ಕಾರ ಮರುವರ್ಷ ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಾಕಾ ಪಟ್ಟಣದ ಹೆದ್ದಾರಿಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಪರದೇಶದ ಜನ ಸೇನಾಪತಿಯೊಬ್ಬನನ್ನು, ಅವನು ತಮಗಾಗಿ ಗೆದ್ದ ಯುದ್ಧಕ್ಕಾಗಿ ಅಲ್ಲದೆ, ತಮ್ಮೊಳಗೆ ಆಗಗೊಡದ ಯುದ್ಧಕ್ಕಾಗಿ ನೆನೆಯುವುದು ಚರಿತ್ರೆಯಲ್ಲಿ ವಿರಳ.

ನಾವು ಹೊರಡುವ ಹೊತ್ತಿಗೆ ಶಾಲೆಯ ಮಕ್ಕಳ ಗುಂಪೊಂದು ಒಳಗೆ ಬಂದಿತು. ಅವರೆಲ್ಲರೂ ನೇರವಾಗಿ ಆಯುಧಗಳ ಕಡೆಗೆ ಓಡಿದರು; ಮಕ್ಕಳಿಗೆ ಅದು ಸಹಜವೇ. ಸುಬೇದಾರರು ಅವರಲ್ಲಿ ಇಬ್ಬರನ್ನು ಹತ್ತಿರ ಕರೆದು, “ಮೊದಲು ಇಲ್ಲಿ ಬನ್ನಿ ಮಕ್ಕಳೇ, ಮನೆಯವರನ್ನು ನೋಡಿ, ಆಮೇಲೆ ಬಂದೂಕು ನೋಡುವಿರಂತೆ,” ಎಂದು ಕೈಹಿಡಿದು ಕುಟುಂಬದ ಚಿತ್ರಗಳ ಬಳಿಗೆ ಕರೆದೊಯ್ದರು. ಮಡಿಕೇರಿಗೆ ಹೋಗತಕ್ಕವರಿಗೆ ನಾನು ಸೂಚಿಸುವ ಕ್ರಮವೂ ಅದೇ. ರಾಜಾಸೀಟಿನ ಸೂರ್ಯಾಸ್ತಕ್ಕೆ ಸಂಜೆಯವರೆಗೆ ಸಮಯವುಂಟು. ಹಗಲನ್ನು ಈ ಮನೆಗೆ ಮೀಸಲಿಡಿ, ಸೀತಮ್ಮನವರಿಂದ ಪ್ರಾರಂಭಿಸಿ ಮೂವರು ಗಂಡುಮಕ್ಕಳನ್ನೂ ನೀನಾ ಅವರನ್ನೂ ಕಂಡು, ಅಂಗಳದ ಟ್ಯಾಂಕಿನ ಬಳಿಗೆ ಕೊನೆಯಲ್ಲಿ ಬನ್ನಿ.